ಸಹಾಯ ಬೇಕು: ಬೂಸ್ಟು ಹಿಡಿದ ಮೇವು ತಿಂದು ಆಕಳಿಗೆ ಲಿವರ್ ತೊಂದರೆ

ನಮಸ್ಕಾರ. ನಮ್ಮದು ಹಾವೇರಿ ಜಿಲ್ಲೆ, ರಾಣೆಬೆನ್ನೂರು ಕಡೆಯ ಹಳ್ಳಿ. ಕಟಾವಿನ ಹೊತ್ತಿಗೆ ಮಳೆ ಹಿಡಿದು ಗೋವಿನಜೋಳದ ಸೊಪ್ಪೆ ತೊಯ್ದಿತ್ತು. ಒಣಗಿತು ಅಂದುಕೊಂಡು ಬಣವೆ ಒಟ್ಟಿದೆವು. ಈಗ ಒಳಗೆಲ್ಲ ಹಸಿರು ಬೂಸ್ಟು.

2 ವಾರದಿಂದ ಆಕಳು ಸರಿಯಾಗಿ ಮೇಯುತ್ತಿಲ್ಲ. ಹಾಲು 6 ಲೀಟರಿನಿಂದ 2ಕ್ಕೆ ಇಳಿದಿದೆ, ಕಣ್ಣು ಹಳದಿಯಾಗಿದೆ. ದನದ ಡಾಕ್ಟರು ನೋಡಿ, ಬೂಸ್ಟಿನ ಅಫ್ಲಾಟಾಕ್ಸಿನ್ ವಿಷದಿಂದ ಲಿವರ್‌ಗೆ ಪೆಟ್ಟು ಬಿದ್ದಿರಬಹುದು ಅಂದರು. ಆ ಮೇವು ಅವತ್ತೇ ನಿಲ್ಲಿಸಿದೆವು. ಈ ವಿಷ ಹಾಲಿಗೂ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಅದಕ್ಕೇ ಮಕ್ಕಳಿಗೂ ಕೊಡುತ್ತಿಲ್ಲ, ಡೇರಿಗೂ ಹಾಕುತ್ತಿಲ್ಲ.

ಎಳೆಗರುವಿಗೆ ಇದು ಇನ್ನೂ ಜಾಸ್ತಿ ತಾಗುತ್ತದೆ ಅಲ್ವಾ? ಅದರದ್ದೇ ಚಿಂತೆ. ಇಂಥ ಆಕಳು ಚೇತರಿಸಿಕೊಂಡಿದ್ದನ್ನು ಕಂಡವರು ಏನು ಮೇವು ಹಾಕಿದಿರಿ, ಹೇಳಿ. ಹಾವೇರಿ, ಗದಗ ಕಡೆ ಯಾರ ಹತ್ತಿರವಾದರೂ ಚೆನ್ನಾಗಿ ಒಣಗಿದ ಬಿಳಿಜೋಳದ ಕಣಿಕೆ ಇದ್ದರೆ ದಯವಿಟ್ಟು ತಿಳಿಸಿ. ಒಂದು ಟ್ರ್ಯಾಕ್ಟರ್ ಲೋಡ್ ಸಾಕು.