ಆಫೀಸಿನ ಐಪಿ ಫೋನ್‌ಗಳಿಗೆ ಕರೆಂಟ್: ಅಡಾಪ್ಟರಾ, ಇಂಜೆಕ್ಟರಾ, ಪಿಒಇ ಸ್ವಿಚ್ಚಾ?

ಗಂಗಾವತಿ_ಮಿಲ್
ನಮಸ್ಕಾರ. ಗಂಗಾವತಿ ಹತ್ತಿರ ರೈಸ್ ಮಿಲ್ ಆಫೀಸಿನಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ, ನೆಟ್ ಮತ್ತು ಫೋನ್ ಕೆಲಸವೂ ನನ್ನದೇ. 14 ಐಪಿ ಫೋನ್ (ನೆಟ್ ಕೇಬಲ್ಲಿನ ಮೇಲೆ ನಡೆಯುವ ಫೋನ್) ಇವೆ, ಎಲ್ಲಕ್ಕೂ ಬೇರೆ ಬೇರೆ ಅಡಾಪ್ಟರ್. ಕರೆಂಟ್ ಹೋಗಿ ಜನರೇಟರ್ ಶುರುವಾಗುವಷ್ಟರಲ್ಲಿ ಅಷ್ಟೂ ಫೋನ್ ಆಫ್ ಆಗುತ್ತವೆ. ಮೊನ್ನೆ ಭತ್ತದ ದರ ಮಾತಾಡುತ್ತಿದ್ದಾಗಲೇ ಕಟ್ ಆಯ್ತು, ಫೋನ್ ಮತ್ತೆ ಎದ್ದು ರಿಜಿಸ್ಟರ್ ಆಗುವಷ್ಟರಲ್ಲಿ ಆ ರೈತ ಬೇರೆ ಮಿಲ್ಲಿಗೆ ಲೋಡ್ ಒಪ್ಪಿಕೊಂಡುಬಿಟ್ಟಿದ್ದ. ಬಹಳ ಬೇಜಾರಾಯಿತು. ಮೇಜಿಗೊಂದು ಸಣ್ಣ ಯುಪಿಎಸ್ ಇಡಲಾ, ಇಂಜೆಕ್ಟರ್ (ಒಂದು ನೆಟ್ ಕೇಬಲ್ಲಿಗೆ ಕರೆಂಟ್ ಸೇರಿಸುವ ಡಬ್ಬಿ) ತಗೊಳ್ಳಲಾ, ಪಿಒಇ ಸ್ವಿಚ್ (ಎಲ್ಲ ಫೋನಿಗೂ ನೆಟ್ ಜೊತೆ ಕರೆಂಟನ್ನೂ ಹಂಚುವ ನೆಟ್‌ವರ್ಕ್ ಡಬ್ಬಿ) ಹಾಕಿಸಲಾ? ವೇಬ್ರಿಡ್ಜ್ ಹತ್ತಿರವೂ ಒಂದು ಫೋನ್ ಬೇಕು, ಅದು ಇಲ್ಲಿಂದ 150 ಮೀಟರ್ ದೂರ.

ಬಳ್ಳಾರಿ_ಕೇಬಲ್
ಪಿಒಇ ಸ್ವಿಚ್ಚೇ ಹಾಕಿಸಿ ಸರ್. 14 ಯುಪಿಎಸ್ ಅಂದರೆ 14 ಬ್ಯಾಟರಿ, ನಮ್ಮ ಕಡೆ ಬೇಸಿಗೆಗೆ ಅವು ಬೇಗ ಹಾಳಾಗುತ್ತವೆ. ಇಂಜೆಕ್ಟರ್ ಒಂದೆರಡು ಫೋನಿಗೆ ಸರಿ. 14 ಇಟ್ಟರೆ ರ‍್ಯಾಕ್ ಹತ್ತಿರ 14 ಪ್ಲಗ್ ಪಾಯಿಂಟ್ ಬೇಕು. ಪಿಒಇ ಸ್ವಿಚ್ಚಿನಲ್ಲಿ ನೆಟ್ ಹೋಗುವ ಕೇಬಲ್ಲಿನಲ್ಲೇ ಕರೆಂಟೂ ಹೋಗುತ್ತದೆ, ಸ್ವಿಚ್ಚಿಗೆ ಒಂದು ಒಳ್ಳೆ ಯುಪಿಎಸ್ ಕೊಟ್ಟರೆ ಮುಗಿಯಿತು.

ಆದರೆ ಪೋರ್ಟ್ ಎಷ್ಟು ಅಂತ ಮಾತ್ರ ನೋಡಿ ತಗೋಬೇಡಿ, ಒಟ್ಟು ಎಷ್ಟು ವಾಟ್ ಕೊಡುತ್ತದೆ ಅಂತಲೂ ನೋಡಿ. 802.3ಎಎಫ್ ಅನ್ನುವ ಪಿಒಇ ಸ್ಟ್ಯಾಂಡರ್ಡ್‌ನಲ್ಲಿ ಒಂದು ಪೋರ್ಟಿಗೆ 15.4 ವಾಟ್ ವರೆಗೆ, ಫೋನಿಗೆ ಮುಟ್ಟುವುದು 12.95. ನಿಮ್ಮ ಫೋನ್ ಕ್ಲಾಸ್ (ಎಷ್ಟು ವಾಟ್ ಬೇಕು ಅನ್ನುವ ದರ್ಜೆ) 2 ಆಗಿದ್ದರೆ ಸ್ವಿಚ್ ಒಂದೊಂದು ಫೋನಿಗೆ 7 ವಾಟ್ ಎತ್ತಿಡುತ್ತದೆ, 14ಕ್ಕೆ 98. 120 ವಾಟಿನ 16 ಪೋರ್ಟ್ ಸಾಕು. ಕ್ಲಾಸ್ 3 ಆದರೆ ಲೆಕ್ಕ 215ರ ಮೇಲೆ ಹೋಗುತ್ತದೆ. ಡೇಟಾಶೀಟ್ ನೋಡಿ ಹೇಳಿ.

ಗಂಗಾವತಿ_ಮಿಲ್
ನೋಡಿದೆ ಸರ್, 802.3ಎಎಫ್, ಕ್ಲಾಸ್ 2. ಆದರೆ ಫೋನ್ ತಿರುಗಿಸಿ ನೋಡಿದರೆ ಅಡಾಪ್ಟರ್ ಪಿನ್ ಹತ್ತಿರ 5 ವೋಲ್ಟ್ ಅಂತ ಇದೆ. ಸ್ವಿಚ್ 48 ವೋಲ್ಟ್ ಕೊಡುತ್ತದಂತೆ. ಫೋನ್ ಸುಟ್ಟು ಹೋಗಲ್ವಾ?

ಬಳ್ಳಾರಿ_ಕೇಬಲ್
ಇಲ್ಲ. ಆ 5 ವೋಲ್ಟ್ ಅಡಾಪ್ಟರ್ ಪಿನ್ನಿಗೆ ಮಾತ್ರ. ಕೇಬಲ್ಲಿನಲ್ಲಿ ಬಂದ 48 ಅನ್ನು ಫೋನ್ ಒಳಗೇ ಇಳಿಸಿಕೊಳ್ಳುತ್ತದೆ. ಸ್ವಿಚ್ಚೂ ಮೊದಲು ಆ ಕಡೆ ಪಿಒಇ ಸಾಧನ ಇದೆಯಾ ಅಂತ ಪರೀಕ್ಷೆ ಮಾಡಿ, ಆಮೇಲೆ ಕರೆಂಟ್ ಬಿಡುತ್ತದೆ. ಪ್ಯಾಸಿವ್ ಪಿಒಇ ಅಂತ ಅಗ್ಗಕ್ಕೆ ಸಿಗುತ್ತಲ್ಲ, ಅದು ಏನೂ ಕೇಳದೆ ನೇರ ಕರೆಂಟ್ ಬಿಡುತ್ತದೆ. ದಯವಿಟ್ಟು ಅದು ಬೇಡ. ಕೇಬಲ್ಲೂ ಪೂರ್ತಿ ತಾಮ್ರದ್ದೇ ಇರಲಿ, ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದದ್ದು ಬಿಸಿಯಾಗುತ್ತದೆ, ವೋಲ್ಟೇಜೂ ಬೀಳುತ್ತದೆ.

ರಾಯಚೂರು_ಹತ್ತಿ
ನಮ್ಮ ಜಿನ್ನಿಂಗ್ ಆಫೀಸಿನಲ್ಲಿ ಆದದ್ದು ಹೇಳ್ತೀನಿ. ಸ್ವಿಚ್ಚಿಗೆ ಯುಪಿಎಸ್ ಕೊಟ್ಟೆವು. ಕರೆಂಟ್ ಹೋಯ್ತು, ಫೋನಿನ ಡಿಸ್‌ಪ್ಲೇ ಎಲ್ಲ ಬೆಳಗುತ್ತಿದೆ, ಒಂದು ಕಾಲೂ ಹೋಗುತ್ತಿಲ್ಲ! ಅರ್ಧ ಗಂಟೆ ಸ್ವಿಚ್ಚನ್ನೇ ತಡಕಾಡಿದೆವು. ಕೊನೆಗೆ ನೋಡಿದರೆ ಗೋಡೆಯ ಮೇಲಿನ ಫೈಬರ್ ಡಬ್ಬಿ ಮತ್ತು ರೌಟರ್ ಮಾಮೂಲಿ ಬೋರ್ಡಿನಲ್ಲೇ ಇದ್ದವು. ಅವೆರಡೂ ಅದೇ ಯುಪಿಎಸ್‌ಗೆ ಬರಬೇಕು, ಪಿಬಿಎಕ್ಸ್ (ಕಾಲ್‌ಗಳನ್ನು ಜೋಡಿಸುವ ಫೋನ್ ಎಕ್ಸ್‌ಚೇಂಜ್) ಆಫೀಸಿನಲ್ಲೇ ಇದ್ದರೆ ಅದೂ.

ವೇಬ್ರಿಡ್ಜಿಗೆ ತಾಮ್ರದ ಕೇಬಲ್ ಎಳೀಬೇಡಿ ಅಣ್ಣ. 100 ಮೀಟರ್ ದಾಟಿದರೆ ನಂಬುವಂತಿಲ್ಲ, ಮಧ್ಯೆ ಇಂಜೆಕ್ಟರ್ ಹಾಕಿದರೂ ದೂರ ಹೆಚ್ಚಾಗಲ್ಲ. ಬಯಲಲ್ಲಿ ಸಿಡಿಲಿನ ಭಯ ಬೇರೆ. ಫೈಬರ್ ಎಳೆಸಿ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ತಾಮ್ರದ ನೆಟ್ ಕೇಬಲ್ಲಿಗೆ ಜೋಡಿಸುವ ಡಬ್ಬಿ) ಹಾಕಿ. ಫೈಬರಿನಲ್ಲಿ ಕರೆಂಟ್ ಹೋಗಲ್ಲವಲ್ಲ, ಅದಕ್ಕೆ ಆ ಕಡೆ ಒಂದು ಇಂಜೆಕ್ಟರ್, ಒಂದು ಸಣ್ಣ ಯುಪಿಎಸ್. ಇಂಜೆಕ್ಟರ್ ನಿಜವಾಗಿ ಬೇಕಾಗೋದು ಇಂಥ ಕಡೆಗೇ.

ಗಂಗಾವತಿ_ಮಿಲ್
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಈಗಲೇ ಎದ್ದು ನೋಡಿದೆ, ನಮ್ಮ ಫೈಬರ್ ಡಬ್ಬಿಯೂ ಫ್ಯಾನಿನ ಬೋರ್ಡಿನಲ್ಲೇ ಇದೆ. ನಾಳೆ ಮಾಲೀಕರ ಹತ್ತಿರ 16 ಪೋರ್ಟ್ ಸ್ವಿಚ್ಚು, ಒಂದು ಯುಪಿಎಸ್ಸು, ವೇಬ್ರಿಡ್ಜಿಗೆ ಫೈಬರ್ ಅಂತ ಬರೆದುಕೊಂಡು ಹೋಗ್ತೀನಿ.