ಮೀನಿನ ‘ಸ್ಟಾಕ್’ಗೆ ಕನ್ನಡದಲ್ಲಿ ಏನೆನ್ನುತ್ತೀರಿ?

ಪ್ರಶ್ನೆ: ಕಾರವಾರದ ಬೈತಖೋಲ್ ಬಂದರಿನಲ್ಲಿ ನಿಲ್ಲಿಸುವ ಫಲಕದ ಅನುವಾದ ನನ್ನ ಕೈಯಲ್ಲಿದೆ. ನಾಳೆ ಮಧ್ಯಾಹ್ನ ಮುದ್ರಣಕ್ಕೆ ಕೊಡಬೇಕು. ವಿಷಯ ಹಳದಿ ರೆಕ್ಕೆಯ ಟ್ಯೂನಾ, ನಮ್ಮ ಗೆದರೆಯ ಬಳಗದ ಮೀನು. ‘ಆನುವಂಶಿಕ ವೈವಿಧ್ಯ’ ಸರಿಹೋಯಿತು, ‘ಸ್ಟಾಕ್’ ಮಾತ್ರ ಸಿಕ್ಕಿಕೊಂಡಿದೆ. ಕರಡಿನಲ್ಲಿ ‘ಮೀನು ದಾಸ್ತಾನು’ ಎಂದಿದೆ. ಹಾಲಕ್ಕಿ ಒಕ್ಕಲಿಗರು ತಮ್ಮ ಕುಲಕ್ಕೆ ಹೇಳುವ ‘ಬಳಿ’ ಆದೀತೇ? ಅಚ್ಚಗನ್ನಡವೂ ಹೌದು.

ಉತ್ತರ: ದಾಸ್ತಾನು ಖಂಡಿತ ಬೇಡ. ಅದು ಮಂಜುಗಡ್ಡೆಯಡಿ ಮಲಗಿರುವ ಸತ್ತ ಮೀನಿನ ಲೆಕ್ಕ. ಇಲ್ಲಿರುವುದು ತಮ್ಮೊಳಗೇ ಕೂಡಿ ಸಂತಾನ ಬೆಳೆಸುವ, ಹೊರಗಿನವುಗಳೊಡನೆ ಅಷ್ಟಾಗಿ ಬೆರೆಯದ ಜೀವಂತ ಗುಂಪು. ‘ಬಳಿ’ ಅರ್ಥವನ್ನೇ ತಲೆಕೆಳಗು ಮಾಡುತ್ತದೆ: ಒಂದೇ ಬಳಿಯವರು ಹೆಣ್ಣು ಕೊಟ್ಟು ತರುವಂತಿಲ್ಲ! ‘ಹಿಂಡು’ ಕೂಡ ಆಗದು. ಎಳೆಯ ಹಳದಿ ರೆಕ್ಕೆಯ ಟ್ಯೂನಾ ಬೇರೆ ಜಾತಿಯ ಟ್ಯೂನಾಗಳ ಜೊತೆಯಲ್ಲೂ ಹಿಂಡು ಕಟ್ಟುತ್ತದೆ. ‘ತಳಿ’ ಎಂದರೆ ಭತ್ತ, ದನ ನೆನಪಾಗುತ್ತವೆ.

‘ಪಂಗಡ’ ಎನ್ನಿ. ಹಿಂದೂ ಮಹಾಸಾಗರದ ಟ್ಯೂನಾ ಆಯೋಗ ಇಡೀ ಸಾಗರದ ಹಳದಿ ರೆಕ್ಕೆಯನ್ನು ಒಂದೇ ಪಂಗಡವೆಂದು ಲೆಕ್ಕ ಹಾಕುತ್ತದೆ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ತಾಯಿಯ ಕಡೆಯಿಂದಷ್ಟೇ ಬರುವ ಮೈಟೋಕಾಂಡ್ರಿಯಾ ಡಿಎನ್‌ಎ ನೋಡಿ, ಭಾರತದ ನೀರಿನಲ್ಲೇ ಮೂರು ಪಂಗಡಗಳಿವೆ ಎಂದು 2013ರಲ್ಲಿ ಬರೆದರು. ಒಂದೋ ಮೂರೋ ಎಂಬುದು ಹಿಡಿಯುವ ಮಿತಿಯ ಪ್ರಶ್ನೆ. ಮೂರನ್ನು ಒಂದೆಂದು ಎಣಿಸಿದರೆ, ಒಟ್ಟು ಮೊತ್ತ ಚೆನ್ನಾಗಿ ಕಾಣುತ್ತಿರುವಾಗಲೇ ಚಿಕ್ಕದೊಂದು ಪಂಗಡ ಬರಿದಾಗಬಹುದು. ‘ದಾಸ್ತಾನು’ ಎಂದು ಓದಿದವನಿಗೆ ಈ ಎಣಿಕೆಯ ತಕರಾರು ಹೊಳೆಯುವುದೇ ಇಲ್ಲ.

ಇನ್ನೊಬ್ಬರು: ದಾಸ್ತಾನು ಪಾರಸಿ. ಅಷ್ಟೇ ಸಾಕು, ಹೊಡೆದುಹಾಕಿ.

ಉತ್ತರ: ‘ಬಂದರು’ ಎಂಬ ಪದವೂ ಪಾರಸಿಯೇ. ಫಲಕವನ್ನು ಎಲ್ಲಿ ನಿಲ್ಲಿಸೋಣ, ಸ್ವಾಮಿ? ನನ್ನ ಆಕ್ಷೇಪ ಅರ್ಥದ್ದು, ಹುಟ್ಟೂರಿನದ್ದಲ್ಲ.

ಮತ್ತೊಬ್ಬರು: ಬೋಟು, ಇಂಜಿನ್, ಡೀಸೆಲ್ ಎಲ್ಲವನ್ನೂ ನುಂಗಿದ ಮೀನುಗಾರನಿಗೆ ‘ಸ್ಟಾಕ್’ ಒಂದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆಯೇ?

ಉತ್ತರ: ಸಿಕ್ಕಿಕೊಳ್ಳುವುದಿಲ್ಲ, ಅದೇ ತೊಂದರೆ. ಅಂಗಡಿಯ ಸ್ಟಾಕ್ ಎಂದುಕೊಂಡು ಮುಂದೆ ಹೋಗುತ್ತಾನೆ.

ಪ್ರಶ್ನೆ ಕೇಳಿದವರು: ‘ಪಂಗಡ’ ಹಾಕಿ ಕಳುಹಿಸುತ್ತಿದ್ದೇನೆ. ಪಾರಸಿಯ ಜಗಳಕ್ಕೆ ದಯವಿಟ್ಟು ಬೇರೆ ತಲೆಬರಹ ಕೊಡಿ.