ನಾಡಿಗೂ ಉಸಿರಿಗೂ ಸಂಬಂಧವೇ ಸಿಗುತ್ತಿಲ್ಲ, ಎಲ್ಲಿ ಎಡವಿದ್ದೇನೆ?

ತಂತಿಗಂಟು:
ಅಂಗಗಳು ಒಂದಕ್ಕೊಂದು ಹೇಗೆ ಮಾತಾಡುತ್ತವೆ ಅಂತ ನೆಟ್‌ವರ್ಕ್ ಚಿತ್ರ ಬಿಡಿಸುವ ಆಸೆ. ಬೆರಳಿಗೆ ನಾಡಿ ಸೆನ್ಸರ್, ಎದೆಗೆ ಉಸಿರಿನ ಬೆಲ್ಟ್ ಕಟ್ಟಿಕೊಂಡು ಅರ್ಧ ಗಂಟೆ ಸುಮ್ನೆ ಕೂತು ರೆಕಾರ್ಡ್ ಮಾಡಿದೆ. ಎರಡಕ್ಕೂ ಕೋರಿಲೇಷನ್ (ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಅನ್ನುವ ಅಳತೆ) ಬರೀ 0.04! ಬಡಿತಗಳ ನಡುವಿನ ಅಂತರ 780ರಿಂದ 960 ಮಿಲಿಸೆಕೆಂಡ್ ತನಕ ಓಲಾಡುತ್ತಿತ್ತು. ಸೆನ್ಸರ್ ಗಲಾಟೆ ಅಂದುಕೊಂಡು 30 ಸೆಕೆಂಡಿನ ಸರಾಸರಿ ಹಾಕಿ ನುಣ್ಣಗೆ ಮಾಡಿದ್ದೇನೆ.

ಮಿಡಿತ:
ನೆಗಡಿ ಅಂತ ಮೂಗು ಕೊಯ್ದುಕೊಂಡಿದ್ದೀರಿ. ನೀವು ಅಳಿಸಿದ ಆ ಓಲಾಟವೇ ನೀವು ಹುಡುಕುತ್ತಿರುವ ಕೊಂಡಿ. ಉಸಿರು ಎಳೆದುಕೊಂಡಾಗ, ಮಿದುಳಿನಿಂದ ಬರುವ ವೇಗಸ್ ನರ ಹೃದಯಕ್ಕೆ ಹಾಕಿದ ಬ್ರೇಕ್ ಸಡಿಲವಾಗಿ ಬಡಿತ ಚುರುಕಾಗುತ್ತದೆ. ಬಿಟ್ಟಾಗ ಮತ್ತೆ ಬಿಗಿ. ಜರ್ಮನ್ ಶರೀರಶಾಸ್ತ್ರಜ್ಞ ಕಾರ್ಲ್ ಲುಡ್ವಿಗ್ 1847ರಲ್ಲೇ ಇದನ್ನು ದಾಖಲಿಸಿದ್ದ. ಉಸಿರು 4 ಸೆಕೆಂಡಿಗೊಂದು ಅಂದುಕೊಳ್ಳಿ. 30 ಸೆಕೆಂಡಿನ ಸರಾಸರಿಯಲ್ಲಿ ಏಳೆಂಟು ಏರಿಳಿತ ಒಟ್ಟಿಗೆ ಮಾಯ.

ಸರಾಸರಿ ತೆಗೆಯಿರಿ. ಎಲ್ಲಾದರೂ ದಿಢೀರನೆ 1700ರ ಹತ್ತಿರದ ಅಂತರ ಕಂಡರೆ, ಬೆರಳು ಅಲ್ಲಾಡಿ ಒಂದು ಬಡಿತ ತಪ್ಪಿರಬಹುದು. ಅದನ್ನು ಮಾತ್ರ ಬಿಡಿ. ಬಡಿತಗಳು ಸಮ ಅಂತರದಲ್ಲಿ ಬರುವುದಿಲ್ಲ ಅಲ್ವಾ? ಎರಡು ಡೇಟಾವನ್ನೂ ಸೆಕೆಂಡಿಗೆ 4 ಸ್ಯಾಂಪಲ್‌ಗೆ ತಂದು, ಒಂದನ್ನು ಹಿಂದೆ ಮುಂದೆ ಸರಿಸುತ್ತಾ ಹೋಲಿಸಿ.

ತಂತಿಗಂಟು:
ಬಂತು! ಒಂದು ಸೆಕೆಂಡ್ ಸರಿಸಿದಾಗ ಮೈನಸ್ 0.7. ಎದೆ ಹಿಗ್ಗಿದಾಗ ಅಂತರ ಕುಗ್ಗುತ್ತಿದೆ. ಆದರೆ 10 ಸೆಕೆಂಡಿಗೊಮ್ಮೆ ಇನ್ನೊಂದು ನಿಧಾನದ ಅಲೆ ಇದೆ, ಉಸಿರಿನಲ್ಲಿ ಅದು ಇಲ್ಲವೇ ಇಲ್ಲ. ಇದಾದರೂ ಗಲಾಟೆಯಾ?

ಮಿಡಿತ:
ಅಲ್ಲ, ಅದು ರಕ್ತದೊತ್ತಡದ ಕೈವಾಡ. ಕುತ್ತಿಗೆಯ ರಕ್ತನಾಳದ ಗೋಡೆಯಲ್ಲಿ ಒತ್ತಡ ಗಮನಿಸುವ ನರತುದಿಗಳಿವೆ. ಒತ್ತಡ ಇಳಿದರೆ ಮಿದುಳು ನಾಳಗಳನ್ನು ಬಿಗಿಸಲು ಹೇಳುತ್ತದೆ. ನಾಳ ಬಿಗಿಯಲು ಕೆಲವು ಸೆಕೆಂಡ್ ಬೇಕು, ಅಷ್ಟರಲ್ಲಿ ಹದ ಮೀರಿರುತ್ತದೆ, ಮತ್ತೆ ಸಡಿಲಿಸಬೇಕು. ಬಿಸಿನೀರು ತಡವಾದಾಗ ನಲ್ಲಿ ಜಾಸ್ತಿ ತಿರುಗಿಸಿಬಿಡುತ್ತೇವಲ್ಲ, ಹಾಗೆ. ನಿಮ್ಮ ನೆಟ್‌ವರ್ಕ್ ಚಿತ್ರದಲ್ಲಿ ಒತ್ತಡಕ್ಕೂ ಒಂದು ಗಂಟು (ನೋಡ್) ಹಾಕಿ. ನಿಮಿಷಕ್ಕೆ 6 ಸಲ ಉಸಿರಾಡಿ ನೋಡಿ, ಮಜಾ ಇದೆ.

ರಾತ್ರಿಗಣ್ಣು:
ಮುಂದೆ ರಾತ್ರಿಯಿಡೀ ರೆಕಾರ್ಡ್ ಮಾಡಿದರೆ ಎಲ್ಲವನ್ನೂ ಒಂದೇ ಚಿತ್ರಕ್ಕೆ ತುರುಕಬೇಡಿ. ಗಾಢ ನಿದ್ದೆಯಲ್ಲಿ ಅಂಗಗಳ ನಡುವಿನ ಕೊಂಡಿಗಳು ಕಡಿಮೆ, ಹಗುರ ನಿದ್ದೆ ಮತ್ತು ಎಚ್ಚರದಲ್ಲಿ ಜಾಸ್ತಿ ಅಂತ ಅಂಗಗಳ ನೆಟ್‌ವರ್ಕ್ ಅಧ್ಯಯನ ಮಾಡುವ ವಿಜ್ಞಾನಿ ಇವಾನೋವ್ ಅವರ ತಂಡ 2012ರಲ್ಲಿ ತೋರಿಸಿತ್ತು.

ತಂತಿಗಂಟು:
6 ಉಸಿರು ಮಾಡಿದೆ. ಎರಡು ಅಲೆ ಸೇರಿ ಒಂದೇ ದೊಡ್ಡ ಅಲೆ, 740ರಿಂದ 1050! ಬೆಲ್ಟ್ ಮಾತ್ರ ಜಾರುತ್ತಿದೆ. ಅದಕ್ಕೆ ಬೇರೆ ಪ್ರಶ್ನೆ ಹಾಕುತ್ತೇನೆ.